ಸೆಕೆಂಡ್ ಹ್ಯಾಂಡ್ ಡೈನಿಂಗ್ ಟೇಬಲ್

ವಿಜಯಪುರದ ಒಂದು ಮನೆಗೆ ಊಟದ ಮೇಜು ಬೇಕೆನಿಸಿದಾಗ ಮನೆಯವರ ಮುಂದೆ ಎರಡು ದಾರಿ ಇರುತ್ತವೆ. ಪೇಟೆಯ ದೊಡ್ಡ ಫರ್ನಿಚರ್ ಅಂಗಡಿಗೆ ಹೋಗಿ, ಗಾಜಿನ ಹಿಂದೆ ಹೊಳೆಯುವ ಸೆಟ್ಟನ್ನು ತಿಂಗಳ ಕಂತಿನ ಮೇಲೆ ತರುವುದು ಒಂದು. ಮೊಬೈಲಿಗೆ ಬಂದ ಫೋಟೋ ನೋಡಿ, ತಿಕೋಟಾದಲ್ಲೋ ಬಬಲೇಶ್ವರದಲ್ಲೋ ಯಾರೋ ಬಳಸಿ ಮಾರಲಿಟ್ಟ ಮೇಜನ್ನು ರವಿವಾರ ಗಾಡಿ ಮಾಡಿಕೊಂಡು ಹೋಗಿ ತರುವುದು ಇನ್ನೊಂದು. ಎರಡನೆಯದನ್ನು ಮಾಡಿದವರು ಅದನ್ನು ಹೇಳಿಕೊಳ್ಳುವುದು ಕಡಿಮೆ. ಕೇಳಿದರೆ "ಅಗ್ಗಕ್ಕ ಸಿಕ್ತು, ತಂದ್ವಿ" ಎಂದು ಮಾತು ಮುಗಿಸಿಬಿಡುತ್ತಾರೆ. ಅಗ್ಗ ಎಂಬುದು ಇಲ್ಲಿ ಗಟ್ಟಿ ಕಾರಣವೇ ಅಲ್ಲ, ಎಷ್ಟೋ ಸಲ ಅದು ಅಗ್ಗವಾಗಿಯೂ ಬೀಳುವುದಿಲ್ಲ ಎಂಬುದು ನನ್ನ ವಾದ. ಮರದ ಸಾಮಾನನ್ನು ಹೊಸದು, ಹಳೆಯದು ಎಂದು ವಿಂಗಡಿಸುವ ರೂಢಿಯಲ್ಲೇ ದೋಷವಿದೆ. ಬಿಚ್ಚಿ ಮತ್ತೆ ಕೂಡಿಸಲು ಬರುವಂಥದ್ದು ಯಾವುದು, ಬರದೇ ಇರುವಂಥದ್ದು ಯಾವುದು ಎಂದು ವಿಂಗಡಿಸಬೇಕು. ಹಾಗೆ ನೋಡಲು ಕಲಿತರೆ ಆ ಒಂದು ದಿನದ ಓಡಾಟದ ಅರ್ಥವೂ ಬದಲಾಗುತ್ತದೆ. ಅದು ಸಾಮಾನು ಹೊತ್ತು ತರುವ ದಿನವಾಗಿರದೆ ಸಾಮಾನನ್ನು ಪರೀಕ್ಷೆ ಮಾಡುವ ದಿನವಾಗುತ್ತದೆ.

ಮೊದಲು, ಈ ಸಾಮಾನು ಎಲ್ಲಿಂದ ಬರುತ್ತದೆ ಎಂದು ನೋಡೋಣ. ವಿಜಯಪುರ ಜಿಲ್ಲೆಯಲ್ಲಿ ಬಂದು ಹೋಗುವ ನೌಕರರು ಬಹಳ. 1963ರಿಂದ ಇರುವ ಸೈನಿಕ ಶಾಲೆ, ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರ, ಆಲಮಟ್ಟಿಯ ನೀರಾವರಿ ಕಚೇರಿಗಳು, ಊರೂರಿನ ಬ್ಯಾಂಕ್ ಶಾಖೆಗಳು, ಇಂಥ ಕಡೆ ವರ್ಗಾವಣೆಯ ನೌಕರಿಗಳಿವೆ. ವರ್ಗವಾದವರು ಮಂಚ, ಕಪಾಟು ಒಯ್ದಾರು, ಆರು ಕುರ್ಚಿಯ ಮೇಜನ್ನು ಒಯ್ಯುವುದಕ್ಕೆ ಹಿಂದೆಮುಂದೆ ನೋಡುತ್ತಾರೆ. ಇನ್ನು ತಿಕೋಟಾ ಭಾಗ ದ್ರಾಕ್ಷಿಯ ಸೀಮೆ. ರೋಡಿನ ಎರಡೂ ಬದಿ ಒಣದ್ರಾಕ್ಷಿ ಮಾಡುವ ಶೆಡ್ಡುಗಳು ಕಾಣುತ್ತವೆ. ಬೆಳೆಗೆ ಬೆಲೆ ಬಂದ ವರ್ಷ ಹೊಸ ಮನೆ ಏಳುತ್ತದೆ, ಹೊಸ ಮನೆಗೆ ಹೊಸ ಸಾಮಾನು ಬರುತ್ತದೆ, ಹಳೆಯದು ಹೊರಗೆ ಬೀಳುತ್ತದೆ. ಬೆಲೆ ಬಿದ್ದ ವರ್ಷ ಹೊಸದೇ ಮಾರಾಟಕ್ಕೆ ಬರುವುದೂ ಉಂಟು. ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಬಂದ ಮೇಲೆ ಬಬಲೇಶ್ವರದ ಕಡೆಗೂ ಇದೇ ಗಾಳಿ ಬೀಸಿದೆ. ತಿಕೋಟಾ, ಬಬಲೇಶ್ವರ ಎರಡೂ ವಿಜಯಪುರ ತಾಲ್ಲೂಕಿನಿಂದ ಬೇರೆಯಾಗಿ ಹೊಸ ತಾಲ್ಲೂಕುಗಳಾದ ಊರುಗಳಾದ್ದರಿಂದ ಕಚೇರಿಗಳೂ ಬಾಡಿಗೆ ಮನೆಗಳೂ ಹೆಚ್ಚಿವೆ. ಇವೆಲ್ಲಕ್ಕಿಂತ ದೊಡ್ಡ ಮೂಲ ಇನ್ನೊಂದಿದೆ, ಅದು ಮದುವೆ. ತವರಿನವರು ಮಗಳ ಜೊತೆ ಕಳಿಸಿದ ಡೈನಿಂಗ್ ಸೆಟ್ಟು, ಕೂಡಲಿಕ್ಕೇ ಜಾಗವಿಲ್ಲದ ಪಡಸಾಲೆಯಲ್ಲಿ ಇಸ್ತ್ರಿ ಬಟ್ಟೆಯ ರಾಶಿ ಹೊತ್ತು ನಿಂತಿರುತ್ತದೆ. ವರದಕ್ಷಿಣೆಯನ್ನು 1961ರ ಕಾಯಿದೆ ನಿಷೇಧಿಸಿದೆ, ಮೇಜು ಮಾತ್ರ ಉಡುಗೊರೆಯ ಹೆಸರಿನಲ್ಲಿ ಬರುತ್ತಲೇ ಇದೆ. ಅಂಥ ಮೇಜು ಆ ಹೆಣ್ಣುಮಗಳ ಸ್ತ್ರೀಧನ. ಹೊರಗೆ ಕಟ್ಟೆಯ ಮೇಲೆ ಕುಳಿತ ಯಜಮಾನರ ಜೊತೆಗಷ್ಟೇ ವ್ಯವಹಾರ ಮುಗಿಸದೆ, "ಯಕ್ಕಾರ, ನಿಮಗ ಒಪ್ಪಿಗಿ ಐತೇನ್ರಿ?" ಎಂದು ಒಳಗಿನವರನ್ನೂ ಒಂದು ಮಾತು ಕೇಳುವುದು ಕೊಳ್ಳುವವರ ಕರ್ತವ್ಯವೆಂದು ನಾನು ತಿಳಿಯುತ್ತೇನೆ.

ಎರಡನೆಯದು ಮರದ ಮಾತು. ನಮ್ಮದು ಕಾಡಿಲ್ಲದ ಜಿಲ್ಲೆ. ಅರಣ್ಯದ ಪ್ರಮಾಣ ಶೇಕಡ 1ಕ್ಕೂ ಕಡಿಮೆ. ಕಪ್ಪು ಎರೆಯ ನೆಲದಲ್ಲಿ ಜಾಲಿ, ಬೇವು, ಹುಣಸೆ ಉಂಟು. ಕುಂಟೆ, ಕೂರಿಗೆ, ಬಂಡಿಯ ಕೆಲಸಕ್ಕೆ ಜಾಲಿ ಬಂತು, ಬಾಗಿಲಿಗೆ ಬೇವು ಬಂತು. ಆದರೆ ಮೇಜಿನ ಹಲಗೆಗೆ ಬೇಕಾದ ಸಾಗವಾನಿ ದಾಂಡೇಲಿಯ ಕಡೆಯಿಂದಲೋ ಇನ್ನೂ ದೂರದಿಂದಲೋ ಬರಬೇಕು. ಹೊರಗಿನಿಂದ ಬಂದ ಕಟ್ಟಿಗೆಯನ್ನು ಈ ಸೀಮೆಯ ಜನ ಸುಮ್ಮನೆ ಎಸೆದವರಲ್ಲ. ಸುಲ್ತಾನ ಮೊಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1646ರ ಸುಮಾರಿಗೆ ಎದ್ದ ವಿಜಯಪುರದ ಅಸರ್ ಮಹಲಿನ ಮುಂಭಾಗದಲ್ಲಿ ನಾಲ್ಕು ಎತ್ತರದ ಸಾಗವಾನಿ ಕಂಬಗಳು ಇವತ್ತಿಗೂ ಮಾಳಿಗೆ ಹೊತ್ತು ನಿಂತಿವೆ. ಪ್ರತಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಇದೇ ಬಿಸಿಲು, ಇದೇ ಒಣಗಾಳಿಯಲ್ಲಿ 370ಕ್ಕೂ ಹೆಚ್ಚು ವರ್ಷ. ಅಷ್ಟೇಕೆ, ಬ್ರಿಟಿಷರ ಕಾಲದ ವಿಜಯಪುರವೇ ಸೆಕೆಂಡ್ ಹ್ಯಾಂಡ್ ನಗರ. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂದಾಗ ಅಧಿಕಾರಿಗಳು ಆದಿಲ್ ಶಾಹಿಯ ಪಾಳುಬಿದ್ದ ಮಹಲುಗಳನ್ನೇ ದುರಸ್ತಿ ಮಾಡಿಸಿ ಕಚೇರಿ, ಬಂಗಲೆ ಮಾಡಿಕೊಂಡರು. ಗೋಲಗುಮ್ಮಟದ ಮುಂದಿನ ನಗಾರಖಾನೆ 1892ರಲ್ಲಿ ವಸ್ತುಸಂಗ್ರಹಾಲಯವಾಯಿತು. ಆಮೇಲೆ ಮುಳುಗಡೆ ಬಂತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಏರಿದ ಹಳ್ಳಿಗಳಲ್ಲಿ ಜನ ಬಾಗಿಲು, ಚೌಕಟ್ಟು, ತೊಲೆ, ಜಂತಿ ಬಿಚ್ಚಿ ಟ್ರ್ಯಾಕ್ಟರಿನಲ್ಲಿ ಹೇರಿ ಪುನರ್ವಸತಿ ಕೇಂದ್ರಗಳಿಗೆ ಒಯ್ದರು. ಮಣ್ಣಿನ ಗೋಡೆಯನ್ನು ನೀರಿಗೆ ಬಿಟ್ಟರು, ಕಟ್ಟಿಗೆಯನ್ನು ಬಿಡಲಿಲ್ಲ. ಅವರು ಒಯ್ದದ್ದು ಬಿಚ್ಚಲು ಬರುವಂತೆ ಕೂಡಿಸಿದ್ದ ಕಟ್ಟಿಗೆ ಎಂಬುದನ್ನು ಗಮನಿಸಬೇಕು. ನನ್ನ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಈಗ ಅಂಗಡಿಯ ಹೊಸ ಸೆಟ್ಟಿನ ಹತ್ತಿರ ಬರೋಣ. ಎಲ್ಲ ಹೊಸದೂ ಕೆಟ್ಟದ್ದು ಎಂದು ನಾನು ಹೇಳಲಾರೆ. ಗಟ್ಟಿ ಮರದಿಂದ ಮಾಡಿದ ಹೊಸ ಮೇಜು ಸಿಗುತ್ತದೆ, ಬೆಲೆಯೂ ಹಾಗೆಯೇ ಇರುತ್ತದೆ. ನಡುವಿನ ದರ್ಜೆಯಲ್ಲಿ ರಬ್ಬರ್ ಮರದ ಸೆಟ್ಟುಗಳಿವೆ. ಹಾಲು ಬರುವುದು ಕಡಿಮೆಯಾಗಿ 25, 30 ವರ್ಷಕ್ಕೆ ಕಡಿದ ರಬ್ಬರ್ ಮರದ ತುಂಡುಗಳನ್ನು ಹಲ್ಲಿಗೆ ಹಲ್ಲು ಕೂಡಿಸಿ, ಅಂಟು ಹಾಕಿ, ಹಲಗೆ ಮಾಡಿರುತ್ತಾರೆ. ಔಷಧೋಪಚಾರ ಸರಿಯಾಗಿ ಆಗಿದ್ದರೆ ಅದೂ ಬಾಳುತ್ತದೆ. ತಕರಾರು ಇರುವುದು ಅದಕ್ಕೂ ಕೆಳಗಿನ ದರ್ಜೆಯಲ್ಲಿ. ಕಟ್ಟಿಗೆಯ ಚೂರು, ಹೊಟ್ಟು, ನಾರುಗಳನ್ನು ಅಂಟಿನಲ್ಲಿ ಕಲಸಿ ಒತ್ತಿ ಮಾಡಿದ ಬೋರ್ಡು, ಅದರ ಮೇಲೆ ಮರದ ಗೆರೆ ಬರೆದ ತೆಳು ಹಾಳೆ. ನಮ್ಮ ಮನೆಗಳಲ್ಲಿ ಊಟದ ಮೇಜೆಂದರೆ ದಿನಕ್ಕೆ ಮೂರು ಸಲ ಒದ್ದೆ ಬಟ್ಟೆ ಹಾಯುವ ಜಾಗ. ತಂಬಿಗೆಯ ನೀರು ಚೆಲ್ಲುತ್ತದೆ, ಸಾರು ಹರಿಯುತ್ತದೆ. ಅಂಚಿನ ಪಟ್ಟಿ ಒಂದು ಕಡೆ ಎದ್ದರೆ ನೀರು ಒಳಗೆ ಹೋಗಿ ಬೋರ್ಡು ಉಬ್ಬುತ್ತದೆ. ಉಬ್ಬಿದ ಬೋರ್ಡು ಒಣಗಿದ ಮೇಲೂ ಮೊದಲಿನ ಸ್ಥಿತಿಗೆ ಬರುವುದಿಲ್ಲ. ಒಮ್ಮೆ ಬಿಚ್ಚಿದ ಸ್ಕ್ರೂ ಅದೇ ತೂತಿನಲ್ಲಿ ಮತ್ತೆ ಬಿಗಿಯಾಗಿ ಹಿಡಿಯುವುದಿಲ್ಲ. ಮೂರನೆಯ ಮನೆ ಬದಲಿಸುವ ಹೊತ್ತಿಗೆ ಅದರ ಕಾಲು ಅಲ್ಲಾಡುತ್ತದೆ, ಬಡಿಗೇರರನ್ನು ಕರೆದರೆ "ಇದಕ್ಕ ನಾ ಏನ್ ಮಾಡ್ಲಿರಿ" ಎನ್ನುತ್ತಾರೆ. ಅವರ ಉಳಿಗೆ ಅಲ್ಲಿ ಕೆಲಸವೇ ಇಲ್ಲ. ಇಂಥ ಬೋರ್ಡಿನ ಸಾಮಾನು ಸೆಕೆಂಡ್ ಹ್ಯಾಂಡ್ ಸಿಕ್ಕರೂ ಕೊಳ್ಳಬಾರದು, ಅರ್ಧ ಬೆಲೆಗೆ ಕೊಟ್ಟರೂ ಕೊಳ್ಳಬಾರದು. ಹಳೆಯದೆಲ್ಲ ಒಳ್ಳೆಯದು ಎಂಬ ಭಾವುಕತೆಗೆ ನನ್ನ ಬೆಂಬಲವಿಲ್ಲ.

ಗಟ್ಟಿ ಮರವಾದರೆ ಹಳೆಯದರಲ್ಲಿ ಒಂದು ವಿಶೇಷ ಲಾಭವಿದೆ, ಅದು ನಮ್ಮ ಹವೆಗೆ ಸಂಬಂಧಿಸಿದ್ದು. ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಕುಗ್ಗುತ್ತದೆ. ಕಡಿದಾಗ ಒಳಗಿದ್ದ ನೀರು ಆರುತ್ತ ಹೋದಂತೆ ಹಲಗೆ ಕಿರಿದಾಗುತ್ತದೆ, ಸರಿಯಾಗಿ ಆರಿಸದೆ ಮಾಡಿದ್ದಾದರೆ ಸೀಳುತ್ತದೆ, ಬಾಗುತ್ತದೆ. ಕರಾವಳಿಯ ತೇವದಲ್ಲಿ ಮಾಡಿಸಿದ ಮೇಜು ವಿಜಯಪುರದ ಮೊದಲ ಏಪ್ರಿಲ್‌ನಲ್ಲೇ ಹಲಗೆಗಳ ನಡುವೆ ಬಾಯಿ ಬಿಡಬಹುದು. ತಿಕೋಟಾದ ಪಡಸಾಲೆಯಲ್ಲಿ ಹತ್ತು ಬೇಸಿಗೆ ಕಳೆದ ಮೇಜಿಗೆ ಆ ಭಯವಿಲ್ಲ. ಸೀಳುವುದಿದ್ದರೆ ಇಷ್ಟೊತ್ತಿಗೆ ಸೀಳಿರುತ್ತದೆ, ಬಾಗುವುದಿದ್ದರೆ ಬಾಗಿರುತ್ತದೆ, ಕೊಳ್ಳುವವರ ಕಣ್ಣಿಗೆ ಅದು ಕಾಣುತ್ತದೆ. ಹೊಸದರ ದೋಷ ಮುಂದೆ ಕಾಣಬೇಕಾದ್ದು, ಹಳೆಯದರ ದೋಷ ಈಗಾಗಲೇ ಕಂಡದ್ದು. ಆದ್ದರಿಂದಲೇ ದೂರದ ಬೆಂಗಳೂರಿನಿಂದ ಲಾರಿಯಲ್ಲಿ ತರಿಸಿದ ಹಳೆಯ ಮೇಜಿಗಿಂತ ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರಿನ ಒಳಗಿನ ಹಳೆಯ ಮೇಜು ಹೆಚ್ಚು ನಂಬಿಕೆಗೆ ಯೋಗ್ಯ. ಅದು ನಮ್ಮದೇ ಹವೆಯಲ್ಲಿ ಪಳಗಿದೆ.

ಇನ್ನು ಆಕ್ಷೇಪಗಳು. ಮೊದಲು ಬರುವುದು ಹಣದ ಮಾತಲ್ಲ, ಮನಸ್ಸಿನದು. ಬೇರೆಯವರು ಉಂಡ ಮೇಜು, ಎಂಜಲು ಬಿದ್ದ ಹಲಗೆ, ಆ ಮನೆಯಲ್ಲಿ ಯಾರು ತೀರಿಕೊಂಡರೋ, ಏನು ಕಷ್ಟ ಬಂದು ಮಾರುತ್ತಿದ್ದಾರೋ, ಅದು ನಮ್ಮ ಮನೆಗೆ ಯಾಕೆ ಎನ್ನುವವರಿದ್ದಾರೆ. ಹಿರಿಯರು ಹೀಗೆ ಹೇಳಿದಾಗ ನಕ್ಕು ತಳ್ಳಿಹಾಕುವುದು ಸಭ್ಯತೆಯಲ್ಲ. ಆದರೆ ಇದೇ ಹಿರಿಯರು ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಹೋಗಿ, ಇನ್ನೊಬ್ಬರ ಹೊಲದಲ್ಲಿ ನಾಲ್ಕು ವರ್ಷ ದುಡಿದ ಎತ್ತಿನ ಹಲ್ಲು ಎಣಿಸಿ, ಸುಳಿ ನೋಡಿ, ನಡೆಸಿ ನೋಡಿ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸಿ ತಂದವರು. ಆ ಎತ್ತು ಮನೆಯ ಲಕ್ಷ್ಮಿಯಾಯಿತು, ಯಾರೂ ಅದನ್ನು ಸೆಕೆಂಡ್ ಹ್ಯಾಂಡ್ ಎನ್ನಲಿಲ್ಲ. ಪಳಗದ ಹೋರಿಗಿಂತ ಪಳಗಿದ ಎತ್ತಿಗೆ ಬೆಲೆ ಹೆಚ್ಚು ಕೊಟ್ಟರು. ಹೊಲ ಕೊಂಡರೂ ಅಷ್ಟೇ, ಬಾವಿ ಕೊಂಡರೂ ಅಷ್ಟೇ. ಖಾನಾವಳಿಯಲ್ಲಿ, ಮದುವೆಯ ಕಲ್ಯಾಣಮಂಟಪದಲ್ಲಿ ಸಾವಿರ ಜನ ಉಂಡ ಮೇಜಿನ ಮೇಲೆ ನಾವೂ ಉಣ್ಣುತ್ತೇವೆ. ಹೀಗಿರುವಾಗ ಮಡಿಯ ಆಕ್ಷೇಪ ನಿಜವಾಗಿ ಮಡಿಯದ್ದಲ್ಲ, ನೆರೆಯವರು ಏನಂದಾರು ಎಂಬುದರದ್ದು ಎಂದು ನನಗೆ ಅನುಮಾನ. ಮಡಿಯದ್ದೇ ಆಗಿದ್ದರೆ ಅದಕ್ಕೆ ಪರಿಹಾರ ಬಡಿಗೇರರ ಕೈಯಲ್ಲಿದೆ. ಗಟ್ಟಿ ಮರದ ಮೇಲ್ಪದರವನ್ನು ಕೂದಲೆಳೆಯಷ್ಟು ಹತ್ತರಿ ಹೊಡೆದು, ಉಪ್ಪುಕಾಗದದಿಂದ ತಿಕ್ಕಿದರೆ ಹಿಂದಿನವರು ಮುಟ್ಟಿದ ಮುಖವೇ ಉಳಿಯುವುದಿಲ್ಲ, ಯಾರೂ ಮುಟ್ಟದ ಹೊಸ ಮರ ಹೊರಗೆ ಬರುತ್ತದೆ. ಬೋರ್ಡಿಗೆ ಈ ಶುದ್ಧಿ ಮಾಡಲು ಬರುವುದಿಲ್ಲ.

ಇದಕ್ಕೆ ಪೂರಾ ಎದುರು ದಿಕ್ಕಿನಿಂದ ಬರುವ ಆಕ್ಷೇಪವೂ ಇದೆ. ನಾವು ನೆಲದ ಮೇಲೆ ಕುಳಿತು ಉಂಡವರು, ನಮಗೇಕೆ ಮೇಜು, ಹೊಸದಾದರೇನು ಹಳೆಯದಾದರೇನು ಎಂಬುದು. ರೊಟ್ಟಿ, ಪಲ್ಯ, ಹಿಂಡಿಯ ಊಟಕ್ಕೆ ಚಾಪೆ ಸಾಕು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಉಣ್ಣುವ ಗಂಗಾಳವನ್ನು ನೆಲದಿಂದ ಮೇಲೆತ್ತುವ ವಿಚಾರ ನಮಗೆ ಹೊಸದಲ್ಲ. ಈ ಸೀಮೆಯ ಎಷ್ಟೋ ಮನೆಗಳಲ್ಲಿ, ಮಠಗಳಲ್ಲಿ ಮೂರು ಕಾಲಿನ ಅಡ್ಡಣಿಗೆಯ ಮೇಲೆ ಗಂಗಾಳ ಇಟ್ಟು ಉಣ್ಣುವ ರೂಢಿ ಇತ್ತು, ಈಗಲೂ ಅಲ್ಲಲ್ಲಿ ಇದೆ. ಎತ್ತರ ಬದಲಾಗಲು ಕಾರಣ ಫ್ಯಾಶನ್ ಒಂದೇ ಅಲ್ಲ, ಮಂಡಿನೋವು. ನೆಲದಿಂದ ಏಳಲು ಬಾರದ ಅಜ್ಜ, ಅಜ್ಜಿಗೆ ಮೇಜು ಬೇಕು. ಅವರಿಗಾಗಿ ಕೊಳ್ಳುವಾಗ ಅಂದವನ್ನು ಬಿಟ್ಟು ಅಳತೆ ನೋಡಬೇಕು. ಮೇಜಿನ ಎತ್ತರ ಸುಮಾರು 30 ಇಂಚು, ಕುರ್ಚಿಯ ಕೂರುವ ಹಲಗೆ 17, 18 ಇಂಚು, ನಡುವಿನ ಅಂತರ ಒಂದು ಅಡಿಯ ಆಸುಪಾಸು. ಬೇರೆ ಬೇರೆ ಮನೆಯ ಮೇಜು, ಕುರ್ಚಿ ಕೂಡಿಸಿ ಮಾರುವ ಕಡೆ ಈ ಅಂತರ ತಪ್ಪುತ್ತದೆ, ಉಣ್ಣುವವರ ಭುಜ ಕಿವಿಯವರೆಗೆ ಏರುತ್ತದೆ. ಜೇಬಿನಲ್ಲಿ ಒಂದು ಟೇಪು ಇದ್ದರೆ ಈ ತೊಂದರೆ ತಪ್ಪುತ್ತದೆ. ಕುರ್ಚಿಗೆ ಕೈ ಇದ್ದರೆ ಹಿರಿಯರಿಗೆ ಏಳಲು ಆಸರೆ, ಆದರೆ ಕೈ ಮೇಜಿನ ಅಡಿಪಟ್ಟಿಗೆ ತಾಗದೆ ಒಳಗೆ ಹೋಗಬೇಕು.

ಇನ್ನೊಂದು ಆಕ್ಷೇಪ, ಹಳೆಯ ಮರದಲ್ಲಿ ಹುಳ ಇರಬಹುದು ಎಂಬುದು. ಈ ಭಯ ನ್ಯಾಯವಾದದ್ದು. ಇಲ್ಲಿಯೇ ಫೋಟೋ ನೋಡಿ ಹಣ ಕಳಿಸುವವರು ಸೋಲುತ್ತಾರೆ, ಹೋಗಿ ನೋಡುವವರು ಗೆಲ್ಲುತ್ತಾರೆ. ಮೇಜಿನ ಸತ್ಯ ಅದರ ಹೊಟ್ಟೆಯಡಿ ಇರುತ್ತದೆ. ಇಬ್ಬರು ಹಿಡಿದು ಅದನ್ನು ಬೋರಲು ಹಾಕಬೇಕು. ಮೇಲ್ಮುಖಕ್ಕೆ ಪಾಲಿಶ್ ಕೊಟ್ಟವರು ಕೆಳಮುಖಕ್ಕೆ ಕೊಡುವುದಿಲ್ಲ, ಆದ್ದರಿಂದ ಮರ ಯಾವುದು ಎಂಬುದು ಅಲ್ಲಿ ತಿಳಿಯುತ್ತದೆ. ಗೆರೆ ಮೇಲಿನಿಂದ ಅಂಚಿಗೆ, ಅಂಚಿನಿಂದ ಕೆಳಕ್ಕೆ ಹಾದುಹೋಗಿದ್ದರೆ ಅದು ಗಟ್ಟಿ ಹಲಗೆ. ಅಂಚಿನಲ್ಲಿ ಗೆರೆ ಕಡಿದು ಬೇರೆ ಪಟ್ಟಿ ಕಂಡರೆ ಒಳಗೆ ಬೋರ್ಡೋ ಪ್ಲೈವುಡ್ಡೋ ಇದೆ. ಸಾಗವಾನಿ ಎಂದು ಹೇಳಿದ ಮಾತ್ರಕ್ಕೆ ಆಗಲಿಲ್ಲ. ಹೊಲದ ಬದುವಿನಲ್ಲಿ ಬೆಳೆದ ಎಳೆಯ ಸಾಗವಾನಿಯಲ್ಲಿ ಹೊರಗಿನ ಬಿಳಿ ಭಾಗವೇ ಹೆಚ್ಚು, ತಾಳಿಕೆ ಇರುವುದು ಕಂದು ಬಣ್ಣದ ತಿರುಳಿಗೆ, ಹುಳ ಮೊದಲು ತಿನ್ನುವುದು ಬಿಳಿಯನ್ನು. ಗುಂಡುಸೂಜಿಯ ತಲೆಯಷ್ಟು ತೂತು, ಕಾಲಿನ ಬುಡದಲ್ಲಿ ಹಿಟ್ಟಿನಂಥ ಪುಡಿ ಕಂಡರೆ ಹುಳ ಒಳಗೆ ಇನ್ನೂ ಬದುಕಿದೆ ಎಂದರ್ಥ. ತೂತು ಹಳೆಯದು, ಪುಡಿ ಇಲ್ಲ ಎಂದರೆ ಔಷಧಿ ಹೊಡೆದು ಬಳಸಬಹುದು. ಮೆತ್ತೆ ಹೊಲಿದ ಕುರ್ಚಿಯ ಹೊಲಿಗೆಯ ಸಂದಿಯಲ್ಲಿ ತಿಗಣೆ ಇರಬಹುದು, ಮೆತ್ತೆಯನ್ನು ಅಲ್ಲೇ ಕಿತ್ತು ಬಿಟ್ಟು ಬರುವುದು ಜಾಣತನ. ಕಡೆಗೆ ಕೂಡಿಕೆ. ಅಡಿಪಟ್ಟಿಯ ನಾಲಿಗೆ ಕಾಲಿನ ತೂತಿನಲ್ಲಿ ಕೂತು, ಅದಕ್ಕೆ ಅಡ್ಡಲಾಗಿ ಮರದ್ದೇ ಒಂದು ಗೂಟ ಹೊಡೆದಿದ್ದರೆ, ಕಾಲು ಎಷ್ಟೇ ಅಲ್ಲಾಡಲಿ, ಹೆದರಬೇಕಾಗಿಲ್ಲ. ಗೂಟ ತೆಗೆದು, ಬಿಚ್ಚಿ, ಒಳಗೆ ಚಕ್ಕೆ ಇಟ್ಟು ಫೆವಿಕಾಲ್ ಹಾಕಿ ಬಿಗಿದರೆ ಮತ್ತೆ ಇಪ್ಪತ್ತು ವರ್ಷದ ಮಾತು. ಅಲ್ಲಾಡುವ ಕಾಲನ್ನು ತೋರಿಸಿ ದರ ಇಳಿಸಿಕೊಳ್ಳಬಹುದು ಎಂಬುದನ್ನು ಪ್ರತ್ಯೇಕ ಹೇಳಬೇಕಿಲ್ಲ. ಕಳವಿನ ಮಾಲು ಇರಬಹುದಲ್ಲ ಎಂಬ ಶಂಕೆಗೂ ಹೋಗಿ ನೋಡುವುದೇ ಉತ್ತರ. ಮೇಜು ಆ ಮನೆಯದೇ ಆಗಿದ್ದರೆ ಅದರ ಕಾಲಿನ ಗುರುತು ಆ ನೆಲದ ಮೇಲೆ ಇರುತ್ತದೆ.

ಹಣದ ಲೆಕ್ಕವನ್ನು ಬೇಗ ಮುಗಿಸುತ್ತೇನೆ. ಉದಾಹರಣೆಗೆ ಹೊಸ ಬೋರ್ಡಿನ ಸೆಟ್ಟು 25,000 ರೂಪಾಯಿ, ಹಳೆಯ ಸಾಗವಾನಿ ಸೆಟ್ಟು 15,000 ಎಂದು ಹಿಡಿಯೋಣ. ಗಾಡಿ, ಹಮಾಲಿ, ಚಹಾ, ಊಟಕ್ಕೆ 3,000, ಬಡಿಗೇರರಿಗೆ ಮತ್ತು ಪಾಲಿಶ್‌ಗೆ 6,000, ಹೊಸ ಮೆತ್ತೆಗೆ 2,000. ಒಟ್ಟು 26,000 ಆಯಿತು, ಹೊಸದಕ್ಕಿಂತ ಒಂದು ಸಾವಿರ ಜಾಸ್ತಿ. ಅಗ್ಗಕ್ಕೆ ತಂದೆವು ಎಂಬ ಮಾತು ಇಲ್ಲಿ ಬಿದ್ದುಹೋಗುತ್ತದೆ ಎಂದು ನಾನು ಮೊದಲೇ ಹೇಳಿದ್ದು ಇದಕ್ಕೇ. ಆದರೆ ಬೋರ್ಡಿನದು ಎಂಟು ವರ್ಷಕ್ಕೆ ಗುಜರಿಗೂ ಬೇಡವಾಗುತ್ತದೆ, ಸಾಗವಾನಿಯದನ್ನು ಎಂಟು ವರ್ಷದ ಮೇಲೆ ಮತ್ತೆ ಮಾರಲು ಬರುತ್ತದೆ. ಹೊಸದರ ಬಿಲ್ಲಿನಲ್ಲಿ ಶೇಕಡ 18 ಜಿಎಸ್‌ಟಿಯೂ ಸೇರಿರುತ್ತದೆ. ಮನೆಯವರು ತಾವು ಬಳಸಿದ್ದನ್ನು ಮಾರಿದಾಗ ಅದು ಇಲ್ಲ. ನೋಂದಾಯಿತ ವ್ಯಾಪಾರಿ ಹಳೆಯ ಸಾಮಾನು ಮಾರಿದರೂ ಕೊಂಡ ಬೆಲೆಗೂ ಮಾರಿದ ಬೆಲೆಗೂ ನಡುವಿನ ಅಂತರದ ಮೇಲಷ್ಟೇ ತೆರಿಗೆ ಕಟ್ಟುವ ಅವಕಾಶ ಕಾನೂನಿನಲ್ಲಿದೆ. ಡೀಸೆಲ್ ಸುಟ್ಟು, ಒಂದು ದಿನ ಹಾಳುಮಾಡಿ ತರುವುದು ಪರಿಸರಕ್ಕೂ ನಷ್ಟ ಎನ್ನುವವರಿಗೆ, ಹೊಸ ಸೆಟ್ಟೂ ನಡೆದುಕೊಂಡು ಬರುವುದಿಲ್ಲ ಎಂದಷ್ಟೇ ಹೇಳಬಹುದು. ನಗರದಿಂದ ತಿಕೋಟಾ, ಅಲ್ಲಿಂದ ಬಬಲೇಶ್ವರ, ಸಾರವಾಡದ ಮೇಲೆ ವಾಪಸ್, ಎಲ್ಲ ಕೂಡಿ ನೂರು ಕಿಲೋಮೀಟರಿನ ಒಳಗಿನ ಸುತ್ತು. ಟಾಟಾ ಏಸ್ ಗಾಡಿಯ ಹಿಂಭಾಗ ಸುಮಾರು 7 ಅಡಿ ಉದ್ದ, 5 ಅಡಿಗೆ ತುಸು ಕಡಿಮೆ ಅಗಲ. 5 ಅಡಿಗೆ 3 ಅಡಿಯ ಮೇಜು ಬೋರಲಾಗಿ, ಅದರ ಕಾಲುಗಳ ನಡುವೆ ಮೂರು ಕುರ್ಚಿ, ಹಿಂದೆ ಮೂರು ಕುರ್ಚಿ ಹಿಡಿಯುತ್ತವೆ. ಕೆಳಗೆ ಹಾಸಲು ಎರಡು ಹಳೆಯ ಕೌದಿ, ಬಿಗಿಯಲು ನೂಲಿನ ಹಗ್ಗ ಒಯ್ದರೆ ಪಾಲಿಶ್‌ಗೆ ಗೀರು ಬೀಳುವುದಿಲ್ಲ. ಮಳೆಗಾಲದಲ್ಲಿ ಡೋಣಿ ಹೊಳೆ ತುಂಬಿದ ದಿನ ಈ ಸುತ್ತು ಬೇಡ.

ಉಳಿದದ್ದು ಒಂದು ಆಕ್ಷೇಪ, ನನಗೆ ಎಲ್ಲಕ್ಕಿಂತ ಹೆಚ್ಚು ತೂಕದ್ದೆನಿಸುವುದು. ಎಲ್ಲರೂ ಹಳೆಯದನ್ನೇ ಕೊಂಡರೆ ಹೊಸದನ್ನು ಮಾಡುವ ಬಡಿಗೇರರ ಗತಿ ಏನು? ಪ್ರಶ್ನೆ ಸರಿಯಾಗಿದೆ, ಆದರೆ ಹೊಸದನ್ನು ಮಾಡುವವರು ಈಗ ಅವರಾಗಿ ಉಳಿದಿಲ್ಲ. ಅಂಗಡಿಯ ಸೆಟ್ಟು ದೂರದ ಕಾರ್ಖಾನೆಯಿಂದ ಪೆಟ್ಟಿಗೆಯಲ್ಲಿ ಬಂದು, ಸ್ಕ್ರೂ ತಿರುಗಿಸುವ ಹುಡುಗನಿಂದ ಅರ್ಧ ತಾಸಿನಲ್ಲಿ ಎದ್ದು ನಿಲ್ಲುತ್ತದೆ. ಊರಿನ ಬಡಿಗೇರರಿಗೆ ಕೂರಿಗೆಯ ಕೆಲಸ ಟ್ರ್ಯಾಕ್ಟರಿನಿಂದ ಹೋಯಿತು, ಬಂಡಿಯ ಕೆಲಸ ರಬ್ಬರ್ ಗಾಲಿಯಿಂದ ಹೋಯಿತು, ಬಾಗಿಲ ಕೆಲಸ ರೆಡಿಮೇಡ್ ಬಾಗಿಲಿನಿಂದ ಹೋಗುತ್ತಿದೆ. ಮೇಲೆ ಹಾಕಿದ ಲೆಕ್ಕವನ್ನೇ ಇನ್ನೊಮ್ಮೆ ನೋಡಿ. ಹೊಸ ಸೆಟ್ಟಿನ 25,000ದಲ್ಲಿ ಸ್ಥಳೀಯ ಕೈಗಸುಬಿಗೆ ಬಂದದ್ದು ಸೊನ್ನೆ, ಹಳೆಯದರ 26,000ದಲ್ಲಿ ಬಡಿಗೇರರು ಮತ್ತು ಪಾಲಿಶ್‌ನವರಿಗೆ 6,000, ಮೆತ್ತೆ ಹೊಲಿದವರಿಗೆ ಒಂದಿಷ್ಟು, ಗಾಡಿಯವರಿಗೂ ಹಮಾಲರಿಗೂ ಒಂದಿಷ್ಟು. ಇದು ಅವರ ಜೀವನ ಪೂರ್ತಿ ನಡೆಯುವಷ್ಟು ಕೆಲಸ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಕೂಡಿಕೆ ಬಿಚ್ಚಿ ಕೂಡಿಸುವ ಕೈ ಅಭ್ಯಾಸ ತಪ್ಪದಿರಲು ಇಂಥ ಕೆಲಸವೇ ಬೇಕು. ಆ ಕೈ ಹೋದ ದಿನ ಗಟ್ಟಿ ಮರದ ಮೇಜೂ ಬೋರ್ಡಿನ ಮೇಜಿನಂತೆಯೇ, ಅಲ್ಲಾಡಿದ ಮೇಲೆ ಎಸೆಯಬೇಕಾದದ್ದು. ಹಾಗಾಗಿ ತಿಕೋಟಾಕ್ಕೆ ಹೋಗುವಾಗ ಗಾಡಿಯ ಮುಂದಿನ ಸೀಟಿನಲ್ಲಿ ಬಡಿಗೇರರೊಬ್ಬರನ್ನು ಕೂಡಿಸಿಕೊಂಡು ಹೋಗಿ, ಅವರ ಆ ದಿನದ ಪಗಾರ ಕೊಟ್ಟುಬಿಡಿ. ಮೇಜು ಬೋರಲು ಹಾಕಿದ ಮೇಲೆ ದರ ಮಾತಾಡುವುದನ್ನು ಅವರಿಗೇ ಬಿಡಿ.